ನಶ್ಯದ ಡಬ್ಬಿ

ಮುಚ್ಚಳ ತೆಗೆದದ್ದೇ ತಡ, ಶಿವಕ್ಕನ ಕೈಯಿಂದ ಬೆಳ್ಳಿಯ ಡಬ್ಬಿ ಜಾರಿ ಮಡಿಲಿಗೆ ಬಿತ್ತು.

"ನಮ್ಮ ಮುತ್ತಜ್ಜಿ ಕ್ಯಾಥರೀನದು ರೀ ಅತ್ತಿ, ನಶ್ಯದ ಡಬ್ಬಿ," ಎಂದಳು ಐರಿಶ್ ಸೊಸೆ ನೋರಾ, ತನ್ನ ತೊದಲು ಕನ್ನಡದಲ್ಲಿ. "ಒಳಗ ಕಪ್ಪು ಕಲ್ಲು ಯಾಕೈತಿ, ಯಾರಿಗೂ ಗೊತ್ತಿಲ್ರಿ." ಬೆಳಗಾವಿಯ ಬ್ರಿಟಿಷ್ ದಂಡಿನಲ್ಲಿ ಸಿಪಾಯಿಯಾಗಿದ್ದ ಅವಳ ಮುತ್ತಜ್ಜನ ವಂಶವೆಲ್ಲ ಐರ್ಲೆಂಡಿನ ಕಾರ್ಕ್‌ನ ಹಳೇ ಚರ್ಚ್ ದಾಖಲೆಗಳಲ್ಲಿ ಸಿಕ್ಕಿತ್ತು. ಮುತ್ತಜ್ಜಿಯ ಸಮಾಧಿಯೂ ಸಿಕ್ಕಿತ್ತು, ಹುಟ್ಟಿದ ಊರು ಮಾತ್ರ ಸಿಕ್ಕಿರಲಿಲ್ಲ. ನೋರಾಳ ಜೊತೆಗೂಡಿ ಹುಡುಕುತ್ತಿದ್ದ ಅವಳ ದೂರದ ನೆಂಟನೊಬ್ಬ ಈ ಡಬ್ಬಿಯನ್ನು ಲಂಡನ್ನಿನ ಕ್ರೋಯ್ಡನ್ನಿನಲ್ಲಿದ್ದ ಇವರ ಮನೆಗೆ ಕಳಿಸಿದ್ದ.

ಬೇರೆಯವರ ಮಗಳೆಂದು ನೋರಾಳನ್ನು ಇಂದಿಗೂ ಪೂಜೆಯ ಹತ್ತಿರ ಬಿಟ್ಟುಕೊಳ್ಳದ ಶಿವಕ್ಕ, ಸೆರಗಿನೊಳಗಿಂದ ತನ್ನ ಕೊರಳ ಕರಡಿಗೆಯನ್ನು ಎಳೆದು ಡಬ್ಬಿಯ ಪಕ್ಕಕ್ಕೆ ಹಿಡಿದಳು. ಅದೇ ಆಕಾರ, ದಾರ ಪೋಣಿಸುವ ಅದೇ ಕಿವಿಗಳು, ಒಳಗೆ ಅದೇ ಇಷ್ಟಲಿಂಗ.

"ನಿಮ್ಮ ಮುತ್ತಜ್ಜಿ ನಮ್ಮಾಕಿ, ನೋರವ್ವಾ!"

ಶಿವಕ್ಕ ಡಬ್ಬಿಯಲ್ಲಿದ್ದ ಲಿಂಗವನ್ನು ಸೊಸೆಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಸತ್ತರೂ ಇದನ್ನ ಅಗಲಿಸಂಗಿಲ್ಲವ್ವಾ. ಹಿಂಗ ಕೈಯಾಗಿಟ್ಟು ಮಣ್ಣು ಮಾಡತಾರ..." ಎನ್ನುತ್ತಿದ್ದವಳು ಸೊಸೆಯ ಮುಚ್ಚಿದ ಮುಷ್ಟಿಯನ್ನು ತನ್ನ ಎದೆಗೊತ್ತಿಕೊಂಡಳು.

"ಅಯ್ಯ ನಮ್ಮವ್ವಾ, ಆಕೀನ್ನ ಬರಿಗೈಲೆ ಮಣ್ಣಿಗಿಟ್ಟಾರಲ್ಲಾ!"