ತಗ್ಗಿನಲ್ಲಿ ಕಟ್ಟಿದ ಡಬ್ಬಿ

ಬಂಗಾರಪೇಟೆ ರಸ್ತೆಯಲ್ಲಿ ಮೂರು ಕಿಲೋಮೀಟರ್ ದಾಟಿರಲಿಲ್ಲ, ಕೆಂಪು ಸ್ಪೋರ್ಟ್ಸ್ ಕಾರಿನ ಟೆಂಪರೇಚರ್ ಮುಳ್ಳು ಮೇಲಕ್ಕೆ ಏರಿಯೇ ಬಿಟ್ಟಿತು. ಓಡಿಸಿ ನೋಡಲೆಂದು ತಂದಿದ್ದ ಮೆಕ್ಯಾನಿಕ್ ಮುನೇಶ್ ಗಾಡಿಯನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದ. ನೀರು ಸೋರಿಲ್ಲ, ಫ್ಯಾನು ತಿರುಗುತ್ತಿದೆ. ಮತ್ತೆ ಇಷ್ಟು ಬಿಸಿ ಯಾಕೆ? ಯಾಕೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಗಿತ್ತು.

ಕಾರು ಮಧುಶ್ರೀಯದು. ದಾವಣಗೆರೆಯವಳು, ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಸೆಕೆಂಡ್ ಹ್ಯಾಂಡ್ ಗಾಡಿಗೆ ದೊಡ್ಡ ಏರ್ ಫಿಲ್ಟರ್ ಹಾಕಿಸುವ ಆಸೆ ಅವಳಿಗೆ. ಅದಕ್ಕೆ ಅಡ್ಡವಾಗಿದ್ದದ್ದು ಏರ್ ಸೆಪರೇಟರ್ ಟ್ಯಾಂಕು. ಎಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ನೀರಿನಲ್ಲಿ ಸೇರಿಕೊಳ್ಳುವ ಗಾಳಿಯನ್ನು ಬೇರೆ ಮಾಡುವ ಪುಟ್ಟ ಡಬ್ಬಿ ಅದು. "ಇದನ್ನ ಬಿಚ್ಚಿ ಬೇರೆ ಕಡೆ ಕೂರಿಸಿಕೊಡಿ. ಭಾನುವಾರ ಟ್ರ್ಯಾಕ್‌ನಲ್ಲಿ ಓಡಿಸಬೇಕು" ಎಂದು ಮೂರು ದಿನದ ಹಿಂದೆ ಬಿಟ್ಟುಹೋಗಿದ್ದಳು.

ಎಲ್ಲಿ ಕೂರಿಸುವುದೆಂದು ಮುನೇಶ್ ತಲೆ ಕೆರೆದುಕೊಳ್ಳುತ್ತಿದ್ದಾಗ, ಶೆಡ್ಡಿನ ಮೂಲೆಯ ಬೆಂಚಿನಿಂದ ಮಾವ ಮುನಿಸ್ವಾಮಪ್ಪ ಎದ್ದು ಬಂದಿದ್ದರು. ನಂದಿದುರ್ಗ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ ಪೈಪ್ ಫಿಟ್ಟರ್ ಆಗಿದ್ದವರು. ಬಂಡೆ ಕೊರೆಯುವ ಯಂತ್ರಗಳಿಗೆ ಗಾಳಿ ಸಾಗಿಸುವ ಪೈಪುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಗಣಿ ಮುಚ್ಚಿದ ಮೇಲೆ ಅವರನ್ನು ಕೆಲಸದ ವಿಷಯವಾಗಿ ಯಾರೂ ಒಂದು ಮಾತು ಕೇಳಿರಲಿಲ್ಲ.

"ಗಾಳಿ, ನೀರು ಬ್ಯಾರೆ ಮಾಡೋ ಡಬ್ಬೀನಾ? ಅಳಿಯಂದ್ರೇ, ಅದು ನನ್ ಕೆಲ್ಸ! ತಗ್ಗಲ್ಲಿ ಕಟ್ಬೇಕು. ಪೈಪು ಎಲ್ಲಿ ಎಲ್ಲಕ್ಕಿಂತ ಕೆಳಗೈತೋ ಅಲ್ಲಿ. ದಿನಾ ಬೆಳಿಗ್ಗೆ ನಲ್ಲಿ ತಿರುವಿದ್ರೆ ಒಂದ್ ಬಕೆಟ್ ನೀರು ಬರ್ತಿತ್ತು!"

ಗಣಿಯಲ್ಲಿ ಅದು ಸರಿಯೇ. ಗಾಳಿಯೊಳಗೆ ಸೇರಿದ ನೀರು ಕೆಳಗಿಳಿಯುತ್ತದೆ. ಆದರೆ ಇಲ್ಲಿ ಹಿಡಿಯಬೇಕಾದದ್ದು ನೀರಿನೊಳಗಿನ ಗಾಳಿಯನ್ನು, ಅದು ಮೇಲಕ್ಕೇರುತ್ತದೆ. ಡಬ್ಬಿ ತಗ್ಗಿನಲ್ಲಿದ್ದರೆ ಗಾಳಿ ಎಂಜಿನ್ನಿನಲ್ಲೇ ಉಳಿದು ಬಿಸಿಯೇರುತ್ತದೆ. ಮುನೇಶನ ಬಾಯಿತನಕ ಮಾತು ಬಂದಿತ್ತು. ಆದರೆ ಅವನು ಮನೆ ಅಳಿಯ. ಶೆಡ್ಡು ಇರುವುದೇ ಗಣಿಯವರು ಕಟ್ಟಿಸಿದ ಸಾಲಿನಲ್ಲಿರುವ ಮಾವನ ಲೈನ್ ಮನೆಗೆ ಆತುಕೊಂಡು. ಎಂಟು ವರ್ಷದಲ್ಲಿ ಅವರು "ಅಳಿಯಂದ್ರೇ, ಬನ್ನಿ" ಎನ್ನದೆ ಕರೆದದ್ದಿಲ್ಲ, ಇವನು ಒಮ್ಮೆಯೂ ಎದುರಾಡಿದ್ದಿಲ್ಲ. ಸಾಲದ್ದಕ್ಕೆ ಮುದುಕರು ಆಗಲೇ ಟ್ರಂಕು ತೆಗೆದು, ಗಣಿ ಕಾಲದ ಸುತ್ತಿಗೆ ಹುಡುಕುವ ಸಂಭ್ರಮದಲ್ಲಿದ್ದರು. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮುನೇಶ್ ನುಂಗಿದ. ಡಬ್ಬಿ ತಗ್ಗಿನಲ್ಲೇ ಕೂತಿತು. ತಪ್ಪು ಒಬ್ಬರದು, ಪುಕ್ಕಲುತನ ಇನ್ನೊಬ್ಬರದು.

ಇನ್ನೊಂದು ಸಲ ಹೀಗೆ ಕಾದರೆ ಎಂಜಿನ್ನೇ ಕೈಕೊಟ್ಟೀತು. ಹುಣಸೆಮರದ ಕೆಳಗೇ ಅದು ತಣ್ಣಗಾಗುವ ತನಕ ಕಾದಿದ್ದು, ಅಲ್ಲಲ್ಲಿ ನಿಲ್ಲಿಸುತ್ತ ಗಾಡಿಯನ್ನು ಶೆಡ್ಡಿಗೆ ತಂದ. ಅಂದು ಶನಿವಾರ, ಅರ್ಧ ದಿನದ ಡ್ಯೂಟಿ ಮುಗಿಸಿ ಮಧುಶ್ರೀ ಬರುವವಳಿದ್ದಳು. ಮುನಿಸ್ವಾಮಪ್ಪ ಕ್ಷೌರ ಮಾಡಿಕೊಂಡು, ಇಸ್ತ್ರಿ ಶರಟು ತೊಟ್ಟು ಕಾಯುತ್ತಿದ್ದರು.

"ಎಂಗೋಯ್ತು ಅಳಿಯಂದ್ರೇ?"

"ಚೆನ್ನಾಗೇ ಓಯ್ತು ಮಾವ. ನೀವು ಮನೆಗೋಗಿ ಉಂಡ್ಕಂಡ್ ಬನ್ನಿ."

ಅವರು ಮರೆಯಾದದ್ದೇ ತಡ, ಮುನೇಶ್ ಡಬ್ಬಿ ಬಿಚ್ಚಿದ. ರೇಡಿಯೇಟರ್‌ಗಿಂತ ಎತ್ತರದಲ್ಲಿ, ಬಾನೆಟ್ಟಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಮೇಲೆ ಅವಸರದಲ್ಲಿ ಕೂರಿಸಿ, ಕೂಲೆಂಟ್ ತುಂಬಿ, ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿದ. ಗುಳುಗುಳು ಎಂದು ಗುಳ್ಳೆಗಳು ಎದ್ದವು, ಎದ್ದು ಎದ್ದು ಕೊನೆಗೆ ನಿಂತವು. ಮುಳ್ಳು ನಡುವಿನಿಂದ ಕದಲಲಿಲ್ಲ. ಉಸಿರುಬಿಟ್ಟು ತಿರುಗಿದರೆ ಪಕ್ಕದಲ್ಲೇ ಮಾವ. ಅಳಿಯ ಹಸಿದಿರುತ್ತಾನೆಂದು ತಾವೇ ಹೊತ್ತು ತಂದ ಮುದ್ದೆ ಸಾರಿನ ತಟ್ಟೆ ಕೈಯಲ್ಲಿತ್ತು.

ತಟ್ಟೆಯನ್ನು ಬೆಂಚಿನ ಮೇಲಿಟ್ಟರು. ಕೆಳಗಿನ ಖಾಲಿ ಜಾಗ ನೋಡಿದರು, ಮೇಲಿನ ಡಬ್ಬಿ ನೋಡಿದರು. ಪಾಪ, ಮುಖ ಸಣ್ಣದಾಯಿತು.

"ಮೊದ್ಲೇ ಗೊತ್ತಿತ್ತಾ?"

"ಊಂ ಮಾವ. ನೀವು ಬೇಜಾರ್ ಮಾಡ್ಕಂತೀರ ಅಂತ..."

"ಗಣಿಯೊಳಗೆ ತಪ್ಪು ಕಂಡೂ ಸುಮ್ಕಿರೋನ್ನ ನಾವು ಜತೆಗೆ ಇಳಿಸ್ಕಂತಿರ್ಲಿಲ್ಲ, ಅಳಿಯಂದ್ರೇ. ಅಂತೋನ ಮರ್ಯಾದೆ ನಮ್ ಪ್ರಾಣ ತೆಗೀತಿತ್ತು."

ಮುನೇಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಂಜಿನ್ ಆರಿಸಿ ಮುಚ್ಚಳ ಬಿಗಿದ. ಅಷ್ಟರಲ್ಲಿ ಮಧುಶ್ರೀ ಒಳಬಂದಳು.

"ಆಯ್ತಾ? ಅಬ್ಬಾ, ಫಿಲ್ಟರ್‌ಗೆ ಎಷ್ಟು ಜಾಗ ಆಗಿದೆ! ಇಲ್ಲಿ ಕೂರಿಸಬೇಕು ಅಂತ ಯಾರಿಗೆ ಹೊಳೀತು?"

"ಮಾವನಿಗೆ" ಎಂದುಬಿಟ್ಟ ಮುನೇಶ್. ಎಂಟು ವರ್ಷದ ಅಭ್ಯಾಸ ಎಲ್ಲಿ ಹೋದೀತು?

ಮುನಿಸ್ವಾಮಪ್ಪ ತಲೆಯಾಡಿಸಿದರು. "ಇಲ್ಲಮ್ಮ. ನಾನು ಕೆಳಗೆ ಕಟ್ಸಿದ್ದೆ, ಅಲ್ಲಿಗೆ ಗಾಳಿ ಇಳಿಯಾಕಿಲ್ಲ. ಗಾಳಿಯೊಳಗಿನ ನೀರು ತೆಗ್ದೋನು ನಾನು. ನೀರೊಳಗಿನ ಗಾಳಿ ತೆಗ್ದೋನು ಇವನು."

ಹೇಳಿ, ಇಸ್ತ್ರಿ ಶರಟಿನ ತೋಳು ಮಡಚಿ, ಬಾನೆಟ್ಟಿನೊಳಗೆ ತಲೆ ತೂರಿಸಿದರು. ಬಟ್ಟೆ ಸುತ್ತಿದ ಕೈಯಲ್ಲಿ ಡಬ್ಬಿಯನ್ನು ಅಲುಗಿಸಿ ನೋಡಿದರು. ಆಮೇಲೆ ತಿರುಗಿಯೂ ನೋಡದೆ ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದರು.

"ಲೇ ಮುನೇಶ, ಅನ್ನೆರಡ್ ನಂಬರ್ ಸ್ಪ್ಯಾನರ್ ಕೊಡೋ. ಸೊಟ್ಟಕ್ ಕಟ್ಟಿದೀಯ."