ಮನಿ ರೇಟ್

ಕರೆಂಟ್ ದರ ಏರಿಸುವ ಬಗ್ಗೆ ಜನರ ಅಹವಾಲು ಕೇಳುವ ಸಭೆ. ಬೆಳಗ್ಗಿನಿಂದ ಕೂತು ಕೂತು ಫಕೀರವ್ವನ ಸೊಂಟ ಹಿಡಿದುಹೋಗಿತ್ತು. ಸಂಜೆಗೆ ಅಂತೂ ಮೈಕ್ ಕೈಗೆ ಬಂತು.

"ಮನಿ ಕರೆಂಟ್ ತುಟ್ಟಿ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ಪಡಸಾಲ್ಯಾಗ ರೊಟ್ಟಿ ಮಷಿನ್ ಐತಿ. ಊರಾಗಿನ ಖಾನಾವಳಿಗೆಲ್ಲಾ ನಾನ ರೊಟ್ಟಿ ಕೊಡಾಕಿ. ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅಧ್ಯಕ್ಷರೂ ತಲೆದೂಗಿದರು.

ಕೆಲವು ದಿನಗಳಲ್ಲಿ ಆದೇಶ ಬಂತು: ಏರಿಕೆ ಅಂಗಡಿಗಳಿಗಷ್ಟೇ, ಮನೆಗಳಿಗಿಲ್ಲ. ಓಣಿಯ ಹೆಂಗಸರು ಫಕೀರವ್ವನ ಬಾಯಿಗೆ ಸಕ್ಕರೆ ಹಾಕುತ್ತಿರುವಾಗಲೇ ಮೀಟರ್ ರೀಡರ್ ಬಂದ.

"ಬಾರೋ ತಮ್ಮಾ, ಸಕ್ರಿ ತಗೋ. ಮನಿ ರೇಟ್ ಉಳೀತು!"

"ಮನಿಗೋಳ್ದು ಉಳೀತ್ರಿ ಅಕ್ಕಾರ," ಅವನು ದಣಿದ ದನಿಯಲ್ಲಿ ಹೇಳಿದ. "ನೀವು ಮೈಕಿನ್ಯಾಗ ರೊಟ್ಟಿ ಸುದ್ದಿ ಹೇಳಿದ್ರಲ್ಲ, ನಿಮ್ಮನಿ ಈಗ ಅಂಗಡಿ ಆಗೇತಿ."