ಕೈ ಎತ್ತಿದರೆ ಕಾರು ನಮ್ಮದು

"ಈ ಕಾರಲ್ಲಿ ಇವನದ್ದು ಅಂತ ಇರೋದು ಒಂದೇ. ಸೀಟಿಗೆ ಹತ್ತಿರೋ ಬೆವರಿನ ನಾತ!"

ತೇಜಸ್ ಇದನ್ನು ಮೈಕಿನಲ್ಲೇ ಹೇಳಿದ. ಮಡಿಕೇರಿಯ ಮೈದಾನದಲ್ಲಿ ಕಾರು ಪ್ರದರ್ಶನಕ್ಕೆ ಸೇರಿದ್ದ ಜನ ಹೋ ಎಂದು ನಕ್ಕರು. ಕಾರಿನ ಪಕ್ಕ ನಿಂತಿದ್ದ ಸುನಿಲನ ದವಡೆ ಬಿಗಿಯಿತು.

ಅವನ ಸಿಟ್ಟು ಶಿರಂಗಾಲದಿಂದ ಕುಶಾಲನಗರದವರೆಗೆ ಹೆಸರುವಾಸಿ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರಿಗೆ ಎದುರು ನಿಂತು ಶಾಲೆ ಬಿಟ್ಟವನು. ಗ್ಯಾರೇಜು ಸೇರಿ, ಗುಜರಿಯಲ್ಲಿ ಕೊಳೆಯುತ್ತಿದ್ದ ಎಸ್ಟೀಮ್ ಕಾರೊಂದನ್ನು ತಂದು, ಐದು ವರ್ಷ ತಟ್ಟಿ, ತೀಡಿ, ಬೆಸೆದು ಎಬ್ಬಿಸಿದ್ದ. ಆ ಕಾರೇ ಅವನ ಹಟ, ಅವನ ಮಾನ.

ಎಂಟು ತಿಂಗಳ ಹಿಂದೆ ಕಾರಿನ ಬಿಡಿಭಾಗ ಮಾರುವ ತೇಜಸ್, "ನಿನ್ನ ಕಾರಿಗೆ ನಾನು ಸ್ಪಾನ್ಸರ್" ಎಂದು ಬಂದ. ಲಾಭ ಕಣ್ಣಿಗೆ ಹೊಡೆಯುವಂತಿತ್ತು. ಅಲಾಯ್ ಚಕ್ರ ಪುಕ್ಕಟೆ, ಬಣ್ಣ ಪುಕ್ಕಟೆ, ದೊಡ್ಡ ಇಂಜಿನ್ನೂ ಪುಕ್ಕಟೆ. ಬಿಲ್ ಕೇಳಿದ್ದಕ್ಕೆ, "ದಾನಕ್ಕೆ ಕೊಟ್ಟ ಹಸುಗೆ ರಸೀದಿ ಯಾಕೋ?" ಎಂದು ನಕ್ಕಿದ್ದ. ಪೋಸ್ಟರಿನಲ್ಲಿ ಸುನಿಲನ ಹೆಸರು ಬಂತು. ನಷ್ಟ ಮಾತ್ರ ಒಂದೊಂದಾಗಿ ಬಂತು. ಬಾಗಿಲ ತುಂಬಾ ತೇಜಸನ ಕಂಪನಿಯ ಸ್ಟಿಕ್ಕರು. ಕರೆದ ದಿನ ಕರೆದ ಕಡೆ ಹಾಜರಿ. ಅವ್ವನನ್ನು ಆಸ್ಪತ್ರೆಗೆ ಒಯ್ಯಲೂ ಕಾರು ತೆಗೆಯುವಂತಿರಲಿಲ್ಲ. ಧೂಳಾಗುತ್ತದಂತೆ!

ಎಲ್ಲಕ್ಕಿಂತ ದೊಡ್ಡ ಗಾಳ ಕಂಡದ್ದು ಮೊನ್ನೆ. ಅವನು ಓದದೆ ಸಹಿ ಹಾಕಿದ್ದ ಇಂಗ್ಲಿಷ್ ಕರಾರನ್ನು ಅಕ್ಕ ದಿವ್ಯಶ್ರೀ ಕನ್ನಡ ಮಾಡಿ ಓದಿದಳು. ಸಾರ್ವಜನಿಕವಾಗಿ ಕಂಪನಿಯವರ ಮೇಲೆ ಕೈ ಎತ್ತಿದರೆ ಕಾರು ಆ ಕ್ಷಣದಿಂದ ಕಂಪನಿಯದು. ಅದಕ್ಕೆಂದೇ ಮಾಲೀಕತ್ವ ಬದಲಿಸುವ ಫಾರಮ್ಮಿಗೂ ತೇಜಸ್ ಮುಂಚೆಯೇ ಸಹಿ ಹಾಕಿಸಿಕೊಂಡಿದ್ದ.

"ಇನ್ನೊಂದ್ಸಲ ಓದಕ್ಕ," ಎಂದಿದ್ದ ಸುನಿಲ್.

ಓದಿ ಮುಗಿಸಿ ಅವಳು ಅತ್ತಳು. ಅವನು ಅಳಲಿಲ್ಲ. ಅಂಗಳಕ್ಕೆ ಹೋಗಿ ಇಂಜಿನ್ನಿಗೆ ಸೀಮೆಎಣ್ಣೆ ಹೊಡೆದು ತೊಳೆದ. ಆಮೇಲೆ ಬಾನೆಟ್ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತ. ಊಟಕ್ಕೆ ಕರೆದರೆ ಬರಲಿಲ್ಲ.

ಕರಾರು ಇವತ್ತು ಸಂಜೆಗೆ ಮುಗಿಯುತ್ತದೆ. ಕೊಚ್ಚಿಯ ಗಿರಾಕಿಯೊಬ್ಬ ಈ ಕಾರಿಗಾಗಿ ಕಾದಿದ್ದಾನೆಂಬ ಸುದ್ದಿಯೂ ಇತ್ತು. ತೇಜಸ್ ಬೆಳಗಿನಿಂದ ಕೆಣಕುತ್ತಿದ್ದುದು ಸುಮ್ಮನಲ್ಲ.

"ನಿನ್ ಸಿಟ್ಟು ಅವ್ನಿಗೆ ಗೊತ್ತು ಕಣ್ಲಾ," ಗ್ಯಾರೇಜಿನ ಯಜಮಾನ ಜವರಿ ಅವನ ತೋಳು ಹಿಡಿದುಕೊಂಡ. "ಬೇಕಂತ್ಲೇ ಚುಚ್ತಾವ್ನೆ. ಸಂಜೆಗಂಟ ಹಲ್ಲು ಕಚ್ಕಂಡಿರು. ಕೈ ಮಾಡ್ದೆ ಅಂದ್ರೆ ಐದ್ ವರ್ಸದ ಬಾಳು ಹೊಳೆಗೆ ಹಾಕ್ದಂಗೆ."

"ಆಯ್ತು ಯಜಮಾನ್ರೆ," ಎಂದ ಸುನಿಲ್. ಅವನ ಕಣ್ಣು ಗೇಟಿನ ಕಡೆಗಿತ್ತು. ಅಲ್ಲಿನ ಚಹಾದಂಗಡಿಯಲ್ಲಿ ಆರ್‌ಟಿಒ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರು ಇಬ್ಬರು ಪೊಲೀಸರ ಜೊತೆ ಕೂತಿದ್ದರು. ಇಂಥ ಕಡೆ ಅವರು ಇರುವುದೇ. ಯಾರಿಗೂ ವಿಶೇಷ ಅನಿಸಲಿಲ್ಲ.

ತೇಜಸ್ ಮೈಕು ಹಿಡಿದುಕೊಂಡೇ ಹತ್ತಿರ ಬಂದ. "ಏನೋ ಗುರಾಯಿಸ್ತೀಯ? ಗುಜರಿ ಆಯೋನು ಗುಜರಿ ಹಾಗೇ ಇರ್ಬೇಕು. ನಿಮ್ಮವ್ವನೂ ಚೀಲ ಹಿಡ್ಕೊಂಡು ಬಂದಿದ್ದಾಳಾ, ಖಾಲಿ ಬಾಟ್ಲಿ ಆರಿಸೋಕೆ?"

ಛಟೀರ್!

ಹೊಡೆತದ ಸದ್ದು ಮೈಕಿನಲ್ಲಿ ಮೈದಾನವೆಲ್ಲ ಕೇಳಿಸಿತು. ಜವರಿ ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಕೆಟ್ಯಲ್ಲೋ ಮುಂಡೇದೆ!"

ತೇಜಸ್ ಕೆನ್ನೆ ಸವರಿಕೊಂಡು ನಕ್ಕ. ಫಾರಂ ಅವನ ಜೇಬಿನಲ್ಲೇ ಇತ್ತು. ಬಾನೆಟ್ಟಿನ ಮೇಲೆ ಹರಡಿ, ತಾರೀಖು ತುಂಬಿ, ತನ್ನ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಿದ. ಸುನಿಲ್ ಕೀಲಿ ತೆಗೆದು ಫಾರಮ್ಮಿನ ಮೇಲಿಟ್ಟ.

"ಬಾಡಿ ನಾನು ಕಟ್ಟಿದ್ದು, ತೇಜಸಣ್ಣ," ಎಂದ. "ಅದು ಹೋದ್ರೆ ಹೋಗ್ಲಿ. ಇಂಜಿನ್ನೂ ನಿಂದೇ ಅಂತೀಯಾ?"

"ಮತ್ತೆ? ನಿಮ್ಮಪ್ಪ ತಂದುಕೊಟ್ನಾ?" ತೇಜಸ್ ಮೈಕನ್ನು ಬಾಯಿಗೆ ಒತ್ತಿಕೊಂಡ. ನೂರಾರು ಮೊಬೈಲುಗಳು ಅವನತ್ತ ತಿರುಗಿದವು. "ಎಲ್ರೂ ಕೇಳ್ರಪ್ಪ! ಈ ಇಂಜಿನ್ ನನ್ನದು. ನಾನೇ ತಂದಿದ್ದು, ನಾನೇ ಕೂರಿಸಿದ್ದು. ಇವ್ನು ಬರೀ ಒರೆಸೋ ಆಳು!"

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಬ್ರೇಕ್ ಇನ್ಸ್‌ಪೆಕ್ಟರು ಜನರನ್ನು ಸರಿಸಿಕೊಂಡು ಬಂದರು. ಬಾನೆಟ್ ಎತ್ತಿಸಿದರು. ಟಾರ್ಚು ಬಿಟ್ಟು, ಬಗ್ಗಿ, ಇಂಜಿನ್ ನಂಬರಿನ ಮೇಲೆ ಉಗುರಾಡಿಸಿದರು. ಉಜ್ಜಿ ಅಳಿಸಿದ ಹಳೆಯ ಅಂಕಿಗಳ ಮೇಲೆ ಹೊಸವನ್ನು ಕೊರೆದಿತ್ತು. ಅಡಿಯಲ್ಲಿ ಮಸುಕಾಗಿ ಉಳಿದಿದ್ದ ಹಳೆಯ ಅಂಕಿಗಳನ್ನು ಕೈಯಲ್ಲಿದ್ದ ಚೀಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದರು.

"ಮೈಸೂರಲ್ಲಿ ಕಾರು ಕದಿಯುವಾಗ ವಾಚ್‌ಮನ್‌ನ ಕೊಂದಿದ್ರಲ್ಲ, ಆ ಕಾರಿನ ಇಂಜಿನ್ ಇದು," ಎಂದರು ಮೆಲ್ಲಗೆ. "ನೀವೇ ತಂದಿದ್ದು ಅಂದ್ರಲ್ಲ. ಎಲ್ಲಿಂದ ತಂದ್ರಿ?"

ತೇಜಸನ ಕೈಯಿಂದ ಮೈಕು ಜಾರಿತು. ಪೊಲೀಸನೊಬ್ಬ ಅವನ ರಟ್ಟೆ ಹಿಡಿದ.

"ಸುನಿಲಾ! ಹೇಳೋ, ಈ ಗಾಡಿ ನಿಂದೇ ಅಲ್ವೇನೋ? ಹೇಳೋ ಮಾರಾಯಾ!" ತೇಜಸ್ ಕೂಗಿಕೊಂಡ.

ಮೊನ್ನೆ ಸೀಮೆಎಣ್ಣೆಯಲ್ಲಿ ತೊಳೆಯುವಾಗಲೇ ಆ ಅಂಕಿಗಳನ್ನು ಕಂಡು, ಮೊಬೈಲಿನಲ್ಲಿ ಫೋಟೊ ಹಿಡಿದು, ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಕೊಟ್ಟುಬಂದಿದ್ದ ಸುನಿಲ್, ಗೇಟಿನ ಕಡೆ ನಡೆದ.